ರಾಶಿಯ ಆಯ-ವ್ಯಯ ಸರಿ, ಮನೆಯದು ಓದುವವರು ಯಾರು?

ಯುಗಾದಿ ಒಬ್ಬಟ್ಟು, ಹೊಸತೊಡಕಿನ ಬಾಡು, ಅಂಗಡಿಯ ಉದ್ರಿ: ಒಂದು ಲೆಕ್ಕಾಚಾರ

ಯುಗಾದಿಗೆ ಇನ್ನೂ ಒಂದು ವಾರ ಇರುವಾಗಲೇ ಮಂಡ್ಯದ ಪೇಟೆಬೀದಿಯಲ್ಲಿ ಎರಡು ಪುಸ್ತಕ ಹೊರಬೀಳುತ್ತವೆ. ಒಂದು ಹೊಸ ಪಂಚಾಂಗ. ಇನ್ನೊಂದು ದಿನಸಿ ಅಂಗಡಿಯ ಉದ್ರಿ ಪುಸ್ತಕ. ಮೊದಲನೆಯದರಲ್ಲಿ ಹನ್ನೆರಡು ರಾಶಿಗೂ ಆಯ ಎಷ್ಟು, ವ್ಯಯ ಎಷ್ಟು ಎಂದು ಅಚ್ಚಾಗಿರುತ್ತದೆ. ಎರಡನೆಯದರಲ್ಲಿ ಬರೀ ವ್ಯಯ! ಹಬ್ಬದ ದಿನ ಪಂಚಾಂಗ ಓದುವಾಗ ಜನ ಕಿವಿಗೊಟ್ಟು ಕೂರುತ್ತಾರೆ. ಉದ್ರಿ ಪುಸ್ತಕ ಓದಲು ಶುರುಮಾಡಿದರೆ ಮಾತ್ರ ಎಲ್ಲರಿಗೂ ತುರ್ತು ಕೆಲಸ ನೆನಪಾಗುತ್ತದೆ.

“ಈ ಸಲಾನೂ ಬರ್ಕೊಳ್ಳಣ್ಣ, ಹಬ್ಬ ಕಳೀಲಿ, ಕೊಟ್ಬುಡ್ತೀನಿ.”

“ಕೊಡಲ್ಲ ಅನ್ನಕ್ಕಾಗಲ್ಲ ಕಣವ್ವ. ಗೌರಿ ಹಬ್ಬದ್ದೇ ಇನ್ನೂ ನಿಂತದಲ್ಲ, ಅದ್ಕೇನ್ ಮಾಡ್ಲಿ?”

ಈ ಮಾತು ಒಂದು ಅಂಗಡಿಯದಲ್ಲ, ಒಂದು ಬೀದಿಯದೂ ಅಲ್ಲ. “ಇಂದು ನಗದು, ನಾಳೆ ಉದ್ರಿ” ಎಂಬ ಬೋರ್ಡಿನ ಕೆಳಗೇ ನಿಂತು ಗಿರಾಕಿ ಕೇಳುತ್ತಾರೆ, ಆ ಬೋರ್ಡಿನ ಕೆಳಗೇ ಕೂತು ಅಂಗಡಿಯವರು ಬರೆದುಕೊಳ್ಳುತ್ತಾರೆ. ಮನೆಗೆ ಮಗಳು-ಅಳಿಯ ಬರುತ್ತಾರೆ, ಬೀಗರು ಬರುತ್ತಾರೆ, ಅವರ ಮುಂದೆ ಎಲೆ ಬರಿದಾಗಿ ಕಾಣಬಾರದು. ಮರ್ಯಾದೆಯ ಪ್ರಶ್ನೆ!

ಮರ್ಯಾದೆ ಉಳಿಯಲಿ, ಬೇಡ ಅನ್ನುವವರಿಲ್ಲ. ಆದರೆ ಅದಕ್ಕೆ ಸಾಲವೇ ಆಗಬೇಕೆ? ಈ ಸೀಮೆಯ ಹಬ್ಬದೂಟವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ತಿಳಿಯುವ ಸಂಗತಿ ಬೇರೆ. ಹಿಂದಿನವರು ಕಟ್ಟಿಟ್ಟ ಈ ಊಟ ಕಡಿಮೆ ದುಡ್ಡಿನಲ್ಲೇ ಹೊಟ್ಟೆ ತುಂಬಿಸುವ ಊಟ. ಅದರ ಮೇಲೆ ಈಚೆಗೆ ಹೇರಿಕೊಂಡ ಸಾಮಾನೇ ಉದ್ರಿ ಪುಸ್ತಕಕ್ಕೆ ಏರುತ್ತಿರುವುದು.

ಸಂಬಳಕ್ಕೆ ಕಾಯದ ಹಬ್ಬ

ಯುಗಾದಿ ಬರುವುದೇ ಇಕ್ಕಟ್ಟಿನ ಕಾಲದಲ್ಲಿ. ಮಕ್ಕಳಿಗೆ ಪರೀಕ್ಷೆ, ಮನೆಯವರಿಗೆ ಮುಂದಿನ ವರ್ಷದ ಫೀಸಿನ ಚಿಂತೆ, ಅಂಗಡಿಯವರಿಗೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಅದರ ಮೇಲೆ ತಾರೀಖು ವರ್ಷಕ್ಕೊಂದು. 2024ರಲ್ಲಿ ಹಬ್ಬ ಏಪ್ರಿಲ್ 9ಕ್ಕೆ ಬಂತು, ಸಂಬಳ ಎಣಿಸಿ ಆಗಿತ್ತು. 2025ರಲ್ಲಿ ಮಾರ್ಚ್ 30, ಭಾನುವಾರ. ಮಾರನೆಯ ದಿನ ಹೊಸತೊಡಕು, ಅದೇ ದಿನ ರಂಜಾನ್. ಏಪ್ರಿಲ್ 1 ಬ್ಯಾಂಕುಗಳಿಗೆ ವಾರ್ಷಿಕ ಲೆಕ್ಕದ ರಜಾ. ತಿಂಗಳ ಸಂಬಳ ನಂಬಿದ ಮನೆಗಳಿಗೆ ಖರ್ಚು ಮೊದಲು, ಕಾಸು ಆಮೇಲೆ. 2026ರ ಯುಗಾದಿ ಮಾರ್ಚ್ 19ರದು. ಅಂದರೆ ಅದೂ ಸಂಬಳದ ತಾರೀಖಿಗೆ ದೂರವೇ.

ಬರುವ ನೆಂಟರ ಸಂಖ್ಯೆಯೂ ಹಳೆಯ ಲೆಕ್ಕಕ್ಕೆ ಸಿಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು. ತವರಿಗೆ ಹೋಗಲು ಹಿಂದುಮುಂದು ನೋಡುತ್ತಿದ್ದ ಹೆಣ್ಣುಮಕ್ಕಳು ಮಕ್ಕಳ ಕೈಹಿಡಿದು ಬಸ್ಸು ಹತ್ತಿದರು. ಒಳ್ಳೆಯದೇ ಆಯಿತು, ತವರಿನ ಬಾಗಿಲು ತೆರೆದಿರಬೇಕು. ಆದರೆ ಎಂಟು ಜನಕ್ಕೆ ಇಟ್ಟ ಪಾತ್ರೆಗೆ ಹದಿನೈದು ಜನ ಬಂದು ಕೂತರೆ ಒಲೆಯ ಮುಂದಿರುವವಳ ಗತಿ? ಆದ್ದರಿಂದ ಹಬ್ಬದ ಲೆಕ್ಕದಲ್ಲಿ ಮೊದಲು ಎಣಿಸಬೇಕಾದ್ದು ತಲೆಗಳನ್ನು. ಫೋನಿದೆ, ಎರಡು ದಿನ ಮುಂಚೆ ಕೇಳಿದರೆ ಯಾರೂ ಮುನಿಯುವುದಿಲ್ಲ: “ಅಕ್ಕ, ಎಷ್ಟ್ ಜನ ಬತ್ತಿದ್ದೀರ? ರಾತ್ರಿಗೂ ಇರ್ತೀರ ತಾನೆ?”

ಮೂರು ಸಾವಿರದ ಮನೆ

ಮಾತು ಹಿಡಿತಕ್ಕೆ ಸಿಗಲು ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹೆಂಡತಿ ದಿನಾ ಬಸ್ಸಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗಿಬರುವವಳು, ಗಂಡ ಬಾಡಿಗೆ ಆಟೋ ಓಡಿಸುವವನು. ಹೋದ ವರ್ಷ ಮಗಳ ಮದುವೆ ಆಗಿದೆ. ಹೊಸ ಅಳಿಯನ ಮೊದಲ ಯುಗಾದಿ. ಎಲ್ಲ ಸೇರಿ ಹದಿನೈದು ಎಲೆ. ಕೈಯಲ್ಲಿರುವುದು 3,000 ರೂಪಾಯಿ.

ಈ ದುಡ್ಡನ್ನು ಅಂಗಡಿಗೆ ಹೋಗುವ ಮೊದಲೇ ಮೂರು ಪಾಲು ಮಾಡಬೇಕು. ಒಬ್ಬಟ್ಟಿನ ದಿನಕ್ಕೆ 1,500. ಹೊಸತೊಡಕಿಗೆ 1,200. ಉಳಿದ 300 ಬೇರೆ ಡಬ್ಬಿಗೆ. ಅನಿಲ ತೀರಿತು, ಹಾಲು ಒಡೆಯಿತು, ಮಗುವಿಗೆ ಜ್ವರ ಬಂತು ಅನ್ನುವ ಹೊತ್ತಿಗೆ ಆ ಡಬ್ಬಿ. ಹಬ್ಬದ ದಿನ ಸಣ್ಣ ಕೈಸಾಲ ಹುಟ್ಟುವುದು ಇಂಥ ಎಡವಟ್ಟಿನಿಂದಲೇ. ಗೃಹಲಕ್ಷ್ಮಿಯ 2,000 ಯಾವ ದಿನ ಖಾತೆಗೆ ಬೀಳುತ್ತದೆಂದು ನಂಬಿ ಪಟ್ಟಿ ಬರೆಯುವುದು ಬೇಡ. ಬಂದರೆ ಬರಲಿ, ಅದು ಮುಂದಿನ ತಿಂಗಳಿಗಾಯಿತು.

ಒಂದೇ ಬೇಳೆ, ಎರಡು ಅಡುಗೆ

ಈಗ ಒಬ್ಬಟ್ಟಿಗೆ ಬನ್ನಿ. ತೊಗರಿಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬೇಳೆ ಬೆಲ್ಲ ಸೇರಿ ಹೂರಣವಾಗುತ್ತದೆ. ಬಸಿದ ಕಟ್ಟು ಚೆಲ್ಲುವ ವಸ್ತುವಲ್ಲ. ಅದಕ್ಕೆ ಹುಣಸೆಹುಳಿ, ಸಾರಿನ ಪುಡಿ, ಒಂದಿಷ್ಟು ತೆಂಗಿನಕಾಯಿ, ಒಂದು ಹಿಡಿ ಹೂರಣ ಹಾಕಿ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ಸಿಹಿಗೂ ಸಾರಿಗೂ ಒಂದೇ ಬೇಳೆ! ಅಷ್ಟೇನಾ? ಈ ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ಬೆಳಗ್ಗೆ ಕುದಿಸಿಟ್ಟರೆ ತಿಂಡಿಗೆ ಬೇರೆ ಪಲ್ಯ-ಚಟ್ನಿ ಕೇಳುವುದಿಲ್ಲ.

ಲೆಕ್ಕ ಹೀಗೆ. ಒಂದು ಕಿಲೋ ಬೇಳೆಗೆ ಮುಕ್ಕಾಲರಿಂದ ಒಂದು ಕಿಲೋ ಬೆಲ್ಲ, ಕಣಕಕ್ಕೆ ಮುಕ್ಕಾಲು ಕಿಲೋ ಮೈದಾ ಅಥವಾ ಮೈದಾ-ಚಿರೋಟಿ ರವೆ. ಅಂಗೈ ಅಗಲದ ಒಬ್ಬಟ್ಟು 40ರಿಂದ 50 ಏಳುತ್ತವೆ. ಹದಿನೈದು ಜನಕ್ಕೆ ತಲೆಗೆ ಮೂರರಂತೆ ಸಾಕು. ಬಲವಂತ ಮಾಡಿ ನಾಲ್ಕನೆಯದು ಬಡಿಸಿ ಎಲೆಯಲ್ಲೇ ಬಿಡಿಸುವುದು ಉಪಚಾರವಲ್ಲ, ದಂಡ. “ಇನ್ನೊಂದ್ ಅರ್ಧ ಹಾಕುಸ್ಕೊಳಿ ಅಳಿಯಂದ್ರೆ” ಎಂದು ಮುರಿದು ಬಡಿಸಿದರೆ ಉಪಚಾರವೂ ಆಯಿತು, ಒಬ್ಬಟ್ಟೂ ಉಳಿಯಿತು.

ತೊಗರಿಯ ದರ ಮಾತ್ರ ಎಲ್ಲರ ಬಾಯಲ್ಲೂ ಇರುವ ಮಾತು. 2023ರ ಕೊನೆಯ ತಿಂಗಳುಗಳಿಂದ 2024ರ ಉದ್ದಕ್ಕೂ ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ 150 ರೂಪಾಯಿಯ ಗಡಿ ದಾಟಿ ಓಡಾಡಿತು. ದರ ಏರಿದ ವರ್ಷ ಅರ್ಧ ತೊಗರಿ, ಅರ್ಧ ಕಡಲೆಬೇಳೆ ಹಾಕಿದರೆ ಅಪಚಾರವೇನಿಲ್ಲ. ಧಾರವಾಡ-ಬೆಳಗಾವಿ ಕಡೆಯ ಹೋಳಿಗೆ ಕಡಲೆಬೇಳೆಯದೇ, ಅದರ ಕಟ್ಟಿನ ಸಾರಿಗೆ ಬಾಯಿ ಚಪ್ಪರಿಸದವರು ಯಾರು? ಒಂದು ಎಚ್ಚರ: ಕಡಲೆಬೇಳೆ ಬೇಯುವುದು ತಡ. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ತೊಗರಿ ಕರಗಿ ಹೂರಣ ನೀರಾಗುತ್ತದೆ. ಬೇರೆ ಬೇರೆ ಬೇಯಿಸಿ ರುಬ್ಬುವಾಗ ಕೂಡಿಸಬೇಕು.

ಬೆಲ್ಲದ ವಿಷಯದಲ್ಲಿ ಮಂಡ್ಯದವರಿಗೆ ಪಾಠ ಬೇಕಿಲ್ಲ. ಆದರೂ ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವ ಅಚ್ಚಿಗೇ ಕೈ ಹೋಗುತ್ತದೆ. ಆಲೆಮನೆಯಲ್ಲಿ ಆ ಬಣ್ಣ ಬರಿಸಲು ರಾಸಾಯನಿಕ ಹಾಕುವುದು ಗುಟ್ಟೇನಲ್ಲ. ಹೂರಣದೊಳಗೆ ಹೋದ ಮೇಲೆ ಬಣ್ಣ ಯಾರಿಗೆ ಕಾಣಬೇಕು? ಕಂದು ಬೆಲ್ಲ ತಂದರೆ ನಾಲಿಗೆಗೂ ಮೋಸವಿಲ್ಲ, ದೇಹಕ್ಕೂ ಮೋಸವಿಲ್ಲ.

ಎಲೆಯ ಮೇಲಿನ ಉಳಿದದ್ದು

ಒಬ್ಬಟ್ಟಿನ ಊಟದಲ್ಲಿ ಅನ್ನ ಕಡಿಮೆ ಹೋಗುತ್ತದೆ. ಹದಿನೈದು ಜನಕ್ಕೆ ಎರಡು ಕಿಲೋ ಅಕ್ಕಿ, ಚಿತ್ರಾನ್ನವೂ ಸೇರಿ, ಧಾರಾಳ. ಇದರಲ್ಲಿ ಒಂದು ಉಪಾಯವಿದೆ. 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಮನೆಯಲ್ಲಿದ್ದರೆ ಅದನ್ನು ಚಿತ್ರಾನ್ನಕ್ಕೆ ಹಾಕಬೇಕು, ಅಂಗಡಿಯ ಸಣ್ಣಕ್ಕಿಯನ್ನು ಬಿಳಿ ಅನ್ನಕ್ಕೆ. ಮಾವಿನಕಾಯಿ ತುರಿ, ಕಡಲೆಕಾಯಿ ಬೀಜ, ಕರಿಬೇವು ಬಿದ್ದ ಮೇಲೆ ಅಕ್ಕಿ ಯಾವುದೆಂದು ಕೇಳುವವರಿಲ್ಲ. ಯುಗಾದಿಗೆ ಮಾವಿನಕಾಯಿ ಸುಗ್ಗಿ. ನಿಂಬೆಹಣ್ಣು ಬಿಸಿಲಿಗೆ ದುಬಾರಿ. ಹೀಗಿರುವಾಗ ನಿಂಬೆಗೆ ಯಾಕೆ ದುಡ್ಡು?

ಪಲ್ಯಕ್ಕೆ ಹುರುಳಿಕಾಯೇ ಆಗಬೇಕೆಂಬ ಶಾಸ್ತ್ರ ಎಲ್ಲಿದೆ? ಹಬ್ಬದ ಹಿಂದಿನ ದಿನ ಎಲ್ಲರೂ ಅದನ್ನೇ ಕೇಳುವುದರಿಂದ ಅದರ ದರವೇ ಮೊದಲು ಜಿಗಿಯುತ್ತದೆ. ಎಲೆಕೋಸು, ಕುಂಬಳಕಾಯಿ, ಬೀಟ್‌ರೂಟು, ಅಂದು ಯಾವುದು ರಾಶಿ ಬಿದ್ದಿದೆಯೋ ಅದು. ಕೋಸಂಬರಿಗೆ ಕಾಲು ಕಿಲೋ ಹೆಸರುಬೇಳೆ, ಎರಡು ಸೌತೆಕಾಯಿ, ಹದಿನೈದು ಎಲೆಯ ತುದಿಗೆ ಬೇಕಾದಷ್ಟಾಯಿತು. ಪಾಯಸ ಬಿಡಬಹುದು, ಒಬ್ಬಟ್ಟಿರುವಾಗ ಎರಡನೇ ಸಿಹಿಯ ಮೇಲೆ ಯಾರ ಗಮನವೂ ಇರುವುದಿಲ್ಲ. ಅದರ ಹಾಲು-ಸಕ್ಕರೆ-ಗೋಡಂಬಿಯ ದುಡ್ಡು ತುಪ್ಪಕ್ಕೆ ಹೋಗಲಿ. ಕಾಲು ಕಿಲೋ ತುಪ್ಪ ತಂದು, ಬಟ್ಟಲು ಇಟ್ಟು ಹೋಗದೆ, ಮನೆಯವರೇ ಚಮಚದಲ್ಲಿ ಬಿಸಿ ಒಬ್ಬಟ್ಟಿನ ಮೇಲೆ ಹಾಕುತ್ತ ಬಂದರೆ ಎಲ್ಲರಿಗೂ ಬರುತ್ತದೆ. ಕೊನೆಯಲ್ಲಿ ಮಜ್ಜಿಗೆ. ಈ ಸೆಕೆಯಲ್ಲಿ ಬಾಟಲಿಯ ಬಣ್ಣದ ಪಾನೀಯಕ್ಕಿಂತ ಕೊತ್ತಂಬರಿ-ಶುಂಠಿ ಹಾಕಿದ ನೀರುಮಜ್ಜಿಗೆಯೇ ಒಳ್ಳೆಯದು.

ಬೇವಿನ ಹೂವಿಗೆ, ಮಾವಿನ ತೋರಣಕ್ಕೆ ದುಡ್ಡು ಕೊಡುವುದು ಪೇಟೆಯವರಿಗೆ ಅಭ್ಯಾಸವಾಗಿದೆ. ಹಳ್ಳಿಯಿಂದ ಬರುವ ನೆಂಟರಿಗೆ ಒಂದು ಮಾತು ಹೇಳಿದರೆ ಚೀಲದಲ್ಲಿ ಬರುತ್ತದೆ. ಬಾಳೆಯೆಲೆಯೂ ಹಾಗೆಯೇ. ಸಿಗದಿದ್ದರೆ ಮುತ್ತುಗದೆಲೆ, ಅದೂ ಇಲ್ಲದಿದ್ದರೆ ತೊಳೆದಿಟ್ಟ ಸ್ಟೀಲ್ ತಟ್ಟೆ. ಊಟ ತಟ್ಟೆಯಲ್ಲಿತ್ತೆಂದು ಮುನಿಸಿಕೊಂಡು ಎದ್ದುಹೋದ ಅಳಿಯ ಎಲ್ಲಾದರೂ ಇದ್ದಾನೆಯೆ?

ಪಟ್ಟಿಯೇ ಅರ್ಧ ಉಳಿತಾಯ

ಅಂಗಡಿಯವರನ್ನು ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಪಟ್ಟಿ ತರುವ ಗಿರಾಕಿ ಬೇರೆ, ನೋಡಿ ನೋಡಿ ಹೇಳುವ ಗಿರಾಕಿ ಬೇರೆ. ಎರಡನೆಯವರ ಚೀಲವೇ ದೊಡ್ಡದು. ಹಬ್ಬದ ಹಿಂದಿನ ಸಂಜೆ ನೂಕುನುಗ್ಗಲಲ್ಲಿ ನಿಂತು ಕೊಳ್ಳುವಾಗ ದರ ಕೇಳಲೂ ಪುರುಸೊತ್ತಿರುವುದಿಲ್ಲ.

ಬೇಳೆ, ಬೆಲ್ಲ, ಎಣ್ಣೆ, ಹುಣಸೆಹಣ್ಣು, ಮೆಣಸಿನಕಾಯಿ ಕೆಡುವ ಸಾಮಾನಲ್ಲ. ಹದಿನೈದು ದಿನ ಮೊದಲೇ, ಸಂಬಳ ಬಂದ ವಾರದಲ್ಲೇ ತಂದಿಡಬಹುದು. ತೆಂಗಿನಕಾಯಿ ವಾರ ಮೊದಲು. ಕೊನೆಯ ದಿನಕ್ಕೆ ತರಕಾರಿ, ಹೂವು, ಹಾಲು-ಮೊಸರು ಮಾತ್ರ ಉಳಿಯಬೇಕು. ಹೂವಿನ ಬಗ್ಗೆಯೂ ಒಂದು ಮಾತು. ದೇವರ ಪಟಕ್ಕೆ ಒಂದು ಮೊಳ ಮಲ್ಲಿಗೆ, ಹೊಸಿಲಿಗೆ ನಾಲ್ಕು ಸೇವಂತಿಗೆ ಇಟ್ಟರೆ ಹಬ್ಬಕ್ಕೆ ಕಳೆ ಬರುತ್ತದೆ. ಮಾರಿನ ಲೆಕ್ಕದಲ್ಲಿ ಕೊಂಡ ಹೂವು ಸಂಜೆಯ ಹೊತ್ತಿಗೆ ಬಾಡಿರುತ್ತದೆ.

ಬಿಡಿ ಸಾಮಾನಿನ ಮಾತೂ ಹೇಳಬೇಕು. 2022ರ ಜುಲೈ 18ರಿಂದ ಚೀಟಿ ಅಂಟಿಸಿದ ಪ್ಯಾಕೆಟ್ಟಿನ ಬೇಳೆ, ಹಿಟ್ಟು, ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಮೂಟೆ ಬಿಚ್ಚಿ ತೂಗಿ ಕೊಡುವುದಕ್ಕೆ ಅದು ಬರಲಿಲ್ಲ. ಬೀದಿ ತುದಿಯ ಅಂಗಡಿಯ ತಕ್ಕಡಿಗೆ ಇನ್ನೂ ಬೆಲೆಯಿರುವುದು ಇದರಿಂದಲೂ ಹೌದು. ತೂಕ ನೋಡಿ, ಬೇಳೆ ಮುಟ್ಟಿ, ಹುಳು ಇದೆಯೇ ಎಂದು ಕೆದಕಿ ತರಬಹುದು. ನೂರು ಗ್ರಾಂ ಏಲಕ್ಕಿ ಬೇಡ, ಹತ್ತು ರೂಪಾಯಿದು ಕೊಡಿ ಎಂದರೆ ಪೊಟ್ಟಣ ಕಟ್ಟಿಕೊಡುವವರು ಅವರೇ.

ಗುಡ್ಡೆ ಬಾಡಿನ ಜಾಣತನ

ಯುಗಾದಿಯ ಮಾರನೆಯ ದಿನ ಹೊಸತೊಡಕು. ಬಾಡೂಟವಿಲ್ಲದ ಹೊಸತೊಡಕು ಈ ಜಿಲ್ಲೆಯ ಬಹುಪಾಲು ಮನೆಗಳಿಗೆ ಹಬ್ಬವೇ ಅಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕೆಂಬ ಕೂಗೆದ್ದದ್ದು ಎಲ್ಲರಿಗೂ ನೆನಪಿದೆ. ಊರಿನ ನಾಲಿಗೆಯ ರುಚಿ ಅದು, ಸುಮ್ಮನೆ ಹೋಗುವುದಲ್ಲ.

ಬಜೆಟ್ ಮಗುಚಿ ಬೀಳುವುದೂ ಇದೇ ದಿನ. ಬೆಳಗಿನ ಜಾವದಿಂದ ಮಾಂಸದ ಅಂಗಡಿಯ ಮುಂದೆ ಸಾಲು. 2025ರಂತೆ ರಂಜಾನೂ ಅದೇ ದಿನ ಬಂದರೆ ಬೇಡಿಕೆ ಇನ್ನೂ ಹೆಚ್ಚು. ಇದಕ್ಕೆ ಹಳ್ಳಿಗಳು ಬಹಳ ಹಿಂದೆಯೇ ಕಂಡುಕೊಂಡ ದಾರಿ ಗುಡ್ಡೆ ಬಾಡು. ಹತ್ತು-ಹದಿನೈದು ಮನೆಯವರು ಸೇರಿ ಕುರಿ ಹಿಡಿಯುತ್ತಾರೆ. ಬನ್ನೂರು ಕುರಿಯ ಸೀಮೆ ಇದು, ಮರಿ ನೋಡಿ ತರುವ ಕಣ್ಣು ಹಳ್ಳಿಯವರಿಗೆ ಇದ್ದೇ ಇದೆ. ಬೆಳಗ್ಗೆ ಕೊಯ್ದು, ಹಾಸಿದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಮೆತ್ತನೆ ಬಾಡು, ಮೂಳೆ, ಈಲಿ, ಕೊಬ್ಬು ಪ್ರತಿ ಗುಡ್ಡೆಗೂ ಬೀಳಬೇಕು. ಒಬ್ಬರಿಗೆ ಬರೀ ಮೂಳೆ, ಇನ್ನೊಬ್ಬರಿಗೆ ಬರೀ ತೊಡೆ ಹೋದರೆ ಮುಂದಿನ ಯುಗಾದಿಯವರೆಗೆ ಮಾತುಕತೆ ಇಲ್ಲ!

ಲೆಕ್ಕ ಸರಳ. ಮೂವತ್ತು ಕಿಲೋ ತೂಗುವ ಕುರಿಯಲ್ಲಿ ಸುಮಾರು ಅರ್ಧದಷ್ಟು, ಹದಿನಾಲ್ಕು-ಹದಿನೈದು ಕಿಲೋ, ಮೂಳೆ ಸೇರಿದ ಬಾಡು ಸಿಗುತ್ತದೆ. ಹತ್ತು ಪಾಲು ಮಾಡಿದರೆ ಗುಡ್ಡೆಗೆ ಒಂದೂವರೆ ಕಿಲೋ ಹತ್ತಿರ. ತಲೆ, ಕಾಲು, ಬೋಟಿ ಬೇರೆ. ಅವನ್ನು ಬೇಕಾದವರು ಪ್ರತ್ಯೇಕ ದುಡ್ಡು ಕೊಟ್ಟು ಒಯ್ದರೆ ಉಳಿದವರ ಪಾಲಿನ ದರ ಇಳಿಯುತ್ತದೆ. ಅಂಗಡಿಯ ಲಾಭ, ಹಬ್ಬದ ದಿನದ ಏರು ದರ ಎರಡೂ ತಪ್ಪಿದವು. ಪೇಟೆಯ ವಠಾರಗಳಲ್ಲೂ, ಆಟೋ ನಿಲ್ದಾಣಗಳಲ್ಲೂ ಹೀಗೆ ಕೂಡಿಕೊಳ್ಳಲು ಅಡ್ಡಿಯೇನು? ಕುರಿಯನ್ನು ವಾರ ಮೊದಲೇ ಮಾತಾಡಿ ಮುಂಗಡ ಕೊಟ್ಟಿರಬೇಕು, ಅಷ್ಟೇ. ಹಿಂದಿನ ದಿನ ಹೋದರೆ ಕುರಿಯವರು ಹೇಳಿದ್ದೇ ದರ.

ಒಂದೂವರೆ ಕಿಲೋ ಬಾಡು ಹದಿನೈದು ಜನಕ್ಕೆ ಸಾಲುತ್ತದೆಯೆ? ಬರೀ ತುಂಡು ಎಣಿಸಿದರೆ ಸಾಲದು. ಆದರೆ ಈ ಸೀಮೆಯ ಊಟದಲ್ಲಿ ಮುದ್ದೆ ಇದೆ, ಸಾರು ಇದೆ. ಆಲೂಗಡ್ಡೆಯೋ ನೆನೆಸಿದ ಕಡಲೆಕಾಳೋ ಬಿದ್ದ ಬಾಡಿನ ಸಾರು ಪಾತ್ರೆ ತುಂಬ ಆಗುತ್ತದೆ. ಬೋಟಿ ತಂದವರು ಕಡಲೆಬೇಳೆ ಹಾಕಿ ಗೊಜ್ಜು ಮಾಡುವುದೂ ಇದೇ ಕಾರಣಕ್ಕೆ. ಮೂಳೆಯ ರಸ ಇಳಿದ ಸಾರಿನಲ್ಲಿ ಮುದ್ದೆ ಮುರಿದು ನುಂಗುವವರಿಗೆ ತುಂಡು ನಾಲ್ಕಿದ್ದರೂ ಊಟ ಭರ್ಜರಿಯೇ. ಗಂಡಸರ ಪಂಕ್ತಿಯಲ್ಲೇ ತುಂಡೆಲ್ಲ ಮುಗಿದು ಹೆಂಗಸರಿಗೆ ಬರೀ ಸಾರು ಉಳಿಯುವ ಪರಿಪಾಠವನ್ನು ಮಾತ್ರ ಬಿಡಬೇಕು. ಬಡಿಸುವ ಮೊದಲೇ ಎರಡು ಪಾತ್ರೆಗೆ ಹಂಚಿಟ್ಟರೆ ಈ ತೊಂದರೆ ಇಲ್ಲ.

ಚೀಟಿ: ಒಳ್ಳೆಯದೂ ಉಂಟು, ಟೋಪಿಯೂ ಉಂಟು

ಮೂರು ಸಾವಿರ ಒಮ್ಮೆಲೇ ಎಲ್ಲಿಂದ ತರುವುದು? ಅದಕ್ಕೇ ಹುಟ್ಟಿದ್ದು ಹಬ್ಬದ ಚೀಟಿ. ತಿಂಗಳಿಗೆ 250 ರೂಪಾಯಿ ಕಟ್ಟಿದರೆ ಹನ್ನೆರಡು ತಿಂಗಳಿಗೆ 3,000. ದಿನಕ್ಕೆ ಎಂಟು-ಒಂಬತ್ತು ರೂಪಾಯಿ, ಒಂದು ಟೀ ಕಾಸೂ ಅಲ್ಲ. ಕೆಲವು ಚೀಟಿಗಳಲ್ಲಿ ದುಡ್ಡಿನ ಬದಲು ಬೇಳೆ, ಎಣ್ಣೆ, ಬೆಲ್ಲ, ಒಂದು ಗುಡ್ಡೆ ಬಾಡು ಕೊಡುತ್ತಾರೆ. 2026ರ ಯುಗಾದಿಯಿಂದ 2027ರ ಯುಗಾದಿಗೆ, ಅಂದರೆ ಏಪ್ರಿಲ್ 7ಕ್ಕೆ, ನಡುವೆ ಅಧಿಕ ಮಾಸ ಬೀಳುವುದರಿಂದ ಕಟ್ಟುವವರಿಗೆ ಇನ್ನೊಂದು ಕಂತೂ ಸಿಗುತ್ತದೆ.

ಆದರೆ ಹನ್ನೊಂದು ಕಂತು ಕಟ್ಟಿಸಿಕೊಂಡು ಹನ್ನೆರಡನೆಯದಕ್ಕೆ ಬಾಗಿಲಿಗೆ ಬೀಗ ಹಾಕಿ ಹೋದವರ ಕಥೆಗಳು ಯಾವ ಊರಿಗೂ ಹೊಸದಲ್ಲ. ಚಿಟ್ ಫಂಡ್ ಕಾಯ್ದೆ ಬಂದದ್ದು 1982ರಲ್ಲಿ. ನೋಂದಣಿಯಿಲ್ಲದೆ ಠೇವಣಿ ಎತ್ತುವುದನ್ನು ತಡೆಯುವ ಕಾಯ್ದೆ 2019ರಲ್ಲಿ ಬಂತು. ಕಾಯ್ದೆ ಇದ್ದರೂ ಹೋದ ದುಡ್ಡಿನ ಹಿಂದೆ ಅಲೆಯುವುದು ಬಡವರೇ. ಮಾರುಕಟ್ಟೆಗಿಂತ ಅರ್ಧ ಬೆಲೆಗೆ ಸಾಮಾನು ಕೊಡುತ್ತೇವೆ, ಬೆಳ್ಳಿ ದೀಪ ಉಚಿತ ಎನ್ನುವ ಚೀಟಿ ಕಂಡರೆ ದೂರ ನಿಲ್ಲುವುದು ಲೇಸು. ಅರ್ಧ ಬೆಲೆಗೆ ಅವರಿಗೆ ಕೊಡುವವರು ಯಾರು?

ಇದಕ್ಕಿಂತ ಗಟ್ಟಿಯಾದದ್ದು ಗೊತ್ತಿರುವ ಹತ್ತು ಹೆಂಗಸರ ಗುಂಪು. ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದದ್ದು 2000ನೇ ಇಸವಿಯಲ್ಲಿ. ವಾರದ ಉಳಿತಾಯ, ಪುಸ್ತಕ, ಬ್ಯಾಂಕಿನ ಖಾತೆ ಎಲ್ಲದರ ರೂಢಿ ಈ ಊರುಗಳಿಗೆ ಆಗಿದೆ. ಹಬ್ಬಕ್ಕೆಂದೇ ಒಂದು ಬೇರೆ ಪುಸ್ತಕ ಇಟ್ಟು, ದುಡ್ಡನ್ನು ಒಬ್ಬರ ಮನೆಯಲ್ಲಿಡದೆ ಇಬ್ಬರ ಸಹಿಯ ಖಾತೆಯಲ್ಲಿಟ್ಟರೆ ಸಾಕು. ಗುಂಪು ಬೇಡವೆಂದರೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಇದ್ದೇ ಇದೆ.

ಒಬ್ಬಟ್ಟು ಕರಗಿದರೂ ಬಡ್ಡಿ ಕರಗದು

ಉಳಿತಾಯ ಇಲ್ಲದವರು ಹೋಗುವುದು ಕೈಸಾಲಕ್ಕೆ. ನೂರಕ್ಕೆ ಐದರಂತೆ 3,000 ತಂದರೆ ತಿಂಗಳಿಗೆ 150 ಬಡ್ಡಿ. ಮುಂದಿನ ಯುಗಾದಿಯ ಹೊತ್ತಿಗೆ ಬಡ್ಡಿಯೇ 1,800, ಅಸಲು ಹಾಗೆಯೇ ನಿಂತಿದೆ. ತಿಂಗಳಿಗೆ 150 ಬಡ್ಡಿ ಕಟ್ಟಲು ಶಕ್ತಿ ಇರುವ ಮನೆಗೆ, ಇನ್ನು ನೂರು ಸೇರಿಸಿದರೆ ಇಡೀ ಹಬ್ಬವೇ ಸಾಲವಿಲ್ಲದೆ ಬರುತ್ತಿತ್ತು. ವ್ಯತ್ಯಾಸ ಇಷ್ಟೇ: ಒಂದು ಹಬ್ಬಕ್ಕೆ ಮೊದಲು ಕಟ್ಟುವುದು, ಇನ್ನೊಂದು ಹಬ್ಬದ ನಂತರ ಕಟ್ಟುವುದು.

ಸಂಘದ ಸಾಲ ಎಂದು ಕರೆಯುವ ಮೈಕ್ರೋ ಫೈನಾನ್ಸಿನ ಕಥೆ ಇದಕ್ಕಿಂತ ದೊಡ್ಡದು. ವಸೂಲಿಯವರ ಕಿರುಕುಳಕ್ಕೆ ಹೆದರಿ ಜನ ಊರು ಬಿಟ್ಟ, ಜೀವ ಕಳೆದುಕೊಂಡ ವರದಿಗಳು 2025ರ ಆರಂಭದಲ್ಲಿ ರಾಜ್ಯದ ಹಲವು ಕಡೆಯಿಂದ ಬಂದವು. ಆ ವರ್ಷದ ಫೆಬ್ರವರಿ 12ರಂದು ಸುಗ್ರೀವಾಜ್ಞೆ ಹೊರಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಾಯಿತು. ಬಾಗಿಲಿಗೆ ಬಂದು ಕೂಗಾಡುವವರಿಗೆ ಹೆದರಬೇಕಿಲ್ಲ, ಪೊಲೀಸ್ ಠಾಣೆಗೆ ಹೋಗಬಹುದು. ಆದರೆ ಕಿರುಕುಳ ನಿಂತಿತೆಂದು ನೋಂದಾಯಿತ ಸಂಸ್ಥೆಯಿಂದ ತಂದ ಸಾಲ ತೀರಿತೆಂದಲ್ಲ. ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ ಎಂದು ತಂದ ದುಡ್ಡು ಅಳಿಯನ ಪ್ಯಾಂಟು-ಶರಟಿಗೆ, ಬಾಡೂಟಕ್ಕೆ ಹೋದರೆ ಕಂತು ಕಟ್ಟಲು ಹಾಲು ಕರೆಯುವ ಹಸು ಎಲ್ಲಿದೆ?

ಅಂಗಡಿಯ ಗಲ್ಲಾಪೆಟ್ಟಿಗೆಯ ಆ ಬದಿ

ಉದ್ರಿ ಕೊಡುವವರನ್ನು ಮರೆಯುವಂತಿಲ್ಲ. ಸಣ್ಣ ಅಂಗಡಿಯವರೂ ಮಂಡಿಯಿಂದ ಸಾಮಾನು ತರುವುದು ವಾಯಿದೆಯ ಮೇಲೆಯೇ. ಹಬ್ಬದ ಮುಂಚೆ ಹತ್ತು ಮನೆಗೆ ಎರಡೆರಡು ಸಾವಿರ ಬರೆದುಕೊಂಡರೆ 20,000 ಕಟ್ಟಿಹಾಕಿದಂತೆ. ಮಂಡಿಯವರು “ಗಿರಾಕಿ ಕೊಟ್ಮೇಲೆ ಕೊಡಿ” ಅನ್ನುವುದಿಲ್ಲ. ಕೊಡದಿದ್ದರೆ ಗಿರಾಕಿ ದೊಡ್ಡ ಮಾರ್ಟಿಗೆ ಹೋಗುತ್ತಾರೆ. ಕೊಟ್ಟರೆ, ಬಾಕಿ ಕೇಳುತ್ತಾರೆಂಬ ಸಂಕೋಚಕ್ಕೆ ಆಗಲೂ ಮಾರ್ಟಿಗೇ ಹೋಗುತ್ತಾರೆ! ಎರಡು ಕಡೆಯಿಂದಲೂ ಪೆಟ್ಟು ಅಂಗಡಿಯವರಿಗೆ.

ಇದಕ್ಕೆ ಕೆಲವು ಅಂಗಡಿಗಳು ಹಿಡಿದ ದಾರಿ ಬುದ್ಧಿವಂತಿಕೆಯದು. ಗಿರಾಕಿಯಿಂದ ತಿಂಗಳು ತಿಂಗಳು ಇನ್ನೂರು-ಮುನ್ನೂರು ಮುಂಗಡ ಬರೆದುಕೊಂಡು ಹಬ್ಬಕ್ಕೆ ಅಷ್ಟರ ಸಾಮಾನು ಕೊಡುವುದು. ಪುಸ್ತಕ ಅದೇ, ಬರೆಯುವ ಕಡೆ ಮಾತ್ರ ಬದಲು. ಗಿರಾಕಿಯ ಕೈಯಲ್ಲೂ ಸಹಿ ಹಾಕಿದ ಒಂದು ಕಾರ್ಡು ಇರಬೇಕು, ಮಾತು ಮಾತಾಗಿಯೇ ಉಳಿಯಬಾರದು. ಹದಿನೈದು ಎಲೆಯ ಊಟಕ್ಕೆ ಬೇಕಾದ ಬೇಳೆ-ಬೆಲ್ಲ-ಮೈದಾ-ಎಣ್ಣೆ ಒಂದೇ ಚೀಲದಲ್ಲಿ ಕಟ್ಟಿ “ಒಬ್ಬಟ್ಟಿನ ಚೀಲ” ಎಂದು ಅಂಗಡಿ ಮುಂದೆ ಇಟ್ಟರೂ ವ್ಯಾಪಾರ ಕೂಡುತ್ತದೆ, ಗಿರಾಕಿಗೂ ಖರ್ಚು ಎಷ್ಟೆಂದು ಮೊದಲೇ ಗೊತ್ತಾಗುತ್ತದೆ.

ಬರುವವರಿಗೂ ಎರಡು ಮಾತು

ಹಬ್ಬಕ್ಕೆ ಹೋಗುವವರು ಬರಿಗೈಲಿ ಹೋಗುವುದಿಲ್ಲ. ಬಸ್ ನಿಲ್ದಾಣದ ಮುಂದೆ ಒಂದು ಡಜನ್ ಬಾಳೆಹಣ್ಣು, ಒಂದು ಪೊಟ್ಟಣ ಬಿಸ್ಕತ್ತು, ಅಷ್ಟು ಹಿಡಿದು ಹತ್ತುತ್ತಾರೆ. ಆರು ಮನೆಯವರು ಆರು ಡಜನ್ ತಂದರೆ ಆ ಮನೆಯಲ್ಲಿ ಬಾಳೆಹಣ್ಣು ಕೊಳೆಯುತ್ತದೆ. ಹೊರಡುವ ಮೊದಲು “ಏನ್ ತರ್ಲವ್ವ?” ಎಂದು ಕೇಳಿದರೆ ಸಣ್ಣತನವಿಲ್ಲ. ಒಬ್ಬರು ಎರಡು ತೆಂಗಿನಕಾಯಿ, ಒಬ್ಬರು ಒಂದು ಕಿಲೋ ಬೆಲ್ಲ, ಒಬ್ಬರು ಮೊಸರು, ಹಿತ್ತಲಲ್ಲಿ ಬಾಳೆ ಇರುವವರು ಎಲೆ. ಟಿಕೆಟ್ಟಿನಲ್ಲಿ ಉಳಿದ ದುಡ್ಡು ಹೀಗೆ ಕರೆದ ಮನೆಯ ಒಲೆಗೆ ಸೇರಲಿ. ಬೀಗರೂ ಅಷ್ಟೆ. ಹೊಸ ಅಳಿಯನಿಗೆ ಬಟ್ಟೆ ಇಡುವುದು ಮೊದಲ ಹಬ್ಬದ ಸಂಪ್ರದಾಯ, ಇರಲಿ. ಅದು ಎಷ್ಟು ಸಾವಿರದ್ದೆಂದು ಅಂಗಡಿಯ ಚೀಟಿ ಹುಡುಕುವುದು ಸಂಪ್ರದಾಯವಲ್ಲ.

ಬಂದ ಹೆಂಗಸರು ಒಲೆಯ ಮುಂದೆ ಒಂದಿಷ್ಟು ಹೊತ್ತು ಕೂತು ಒಬ್ಬಟ್ಟು ತಟ್ಟಿಕೊಟ್ಟರೆ ಅಡುಗೆಯವರನ್ನು ಕರೆಸುವ, ಸಿದ್ಧ ಒಬ್ಬಟ್ಟು ತರಿಸುವ ಖರ್ಚೂ ಇಲ್ಲ. ಬಂದ ಗಂಡಸರು ಕಾಯಿ ತುರಿದು, ಎಲೆ ಎತ್ತಿ, ನೀರು ಹಿಡಿದರೆ ಅವರ ಪಂಚಾಂಗದ ಫಲಕ್ಕೆ ಕುಂದು ಬರುವುದಿಲ್ಲ!

ಮನೆಯ ಯಜಮಾನತಿ ಊಟಕ್ಕೆ ಕೂರುವುದು ಎಲ್ಲರಿಗಿಂತ ಕೊನೆಗೆ, ಪಾತ್ರೆ ತಳ ಕಂಡ ಮೇಲೆ. ಹದಿನೈದು ಎಲೆ ಎಂದು ಎಣಿಸುವಾಗ ಅವಳದೂ ಆ ಎಣಿಕೆಯಲ್ಲಿ ಇರಬೇಕು, ಅವಳ ಮೂರು ಒಬ್ಬಟ್ಟು ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿರಬೇಕು. ಸಂಜೆ ಅವಳು ಬಿಸಿ ಸಾರಿನ ಜೊತೆ ಕೂತು ನೆಮ್ಮದಿಯಾಗಿ ಉಂಡಳು, ಮಾರನೆಯ ದಿನ ಅಂಗಡಿಯ ಮುಂದೆ ತಲೆ ತಗ್ಗಿಸದೆ ಬಸ್ಸಿಗೆ ನಡೆದಳು ಎಂದಾದರೆ ಆ ಮನೆಯ ಆಯ-ವ್ಯಯ ಸರಿಯಾಗಿದೆ ಎಂದೇ ಅರ್ಥ.